ಸೇತು ಸಾರಜನಕ ಲಿಗ್ಯಾಂಡ್‌ಗಳು

ಎರಡು ಲೋಹಕೇಂದ್ರಗಳಿರುವ ಸಂಕೀರ್ಣದಲ್ಲಿ, ಸಾರಜನಕದ ಎಲೆಕ್ಟ್ರಾನ್ ಜೋಡಿಯಿಂದ ಎರಡೂ ಲೋಹಗಳನ್ನು ಹಿಡಿದು ಜೋಡಿಸುವ ಅಣು ಅಥವಾ ಅಯಾನು. ಅಜೈಡ್, ಪಿರಜೀನ್, ಪಿರಜೋಲೇಟ್, ಇಮಿಡಜೋಲೇಟ್ ಪರಿಚಿತ ಉದಾಹರಣೆಗಳು.

ಜೀವಲೋಕದ ಅತಿ ಸೊಗಸಾದ ನಿದರ್ಶನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿನ ಹೊಲಗಳಲ್ಲೇ ಸಿಗುತ್ತದೆ. ಬಿಸಿಲು ಜೋರಾದಾಗ ಎಲೆಯ ಹರಿತ್ತಿನ ಕಣಗಳಲ್ಲಿ ಕೆಲವು ಎಲೆಕ್ಟ್ರಾನ್‌ಗಳು ಆಮ್ಲಜನಕಕ್ಕೆ ಸೋರಿ ಸೂಪರಾಕ್ಸೈಡ್ ಆಗುತ್ತದೆ. ಹೊಗೆಸೊಪ್ಪಿನಲ್ಲೂ ಇತರ ಹಸಿರು ಸಸ್ಯಗಳಲ್ಲೂ ಇದನ್ನು ನಿವಾರಿಸುವ ಕಿಣ್ವಗಳಲ್ಲೊಂದು ತಾಮ್ರ-ಸತು ಸೂಪರಾಕ್ಸೈಡ್ ಡಿಸ್‌ಮ್ಯೂಟೇಸ್. ಮೆಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ, ದನದ ರಕ್ತದಿಂದ ಪಡೆದ ಪ್ರೋಟೀನಿನಲ್ಲಿ, ಇದರ ಕೆಲಸವನ್ನು ಗುರುತಿಸಿದರು. ಈ ಕಿಣ್ವದಲ್ಲಿ ಒಂದು ಹಿಸ್ಟಿಡಿನ್‌ನ ಇಮಿಡಜೋಲ್ ಉಂಗುರ ಪ್ರೋಟಾನ್ ಕಳೆದುಕೊಂಡು ಇಮಿಡಜೋಲೇಟ್ ಆಗುತ್ತದೆ. ಅದರ ಒಂದು ಸಾರಜನಕ ತಾಮ್ರವನ್ನೂ ಇನ್ನೊಂದು ಸತುವನ್ನೂ ಹಿಡಿಯುತ್ತದೆ. ಲೋಹಗಳ ನಡುವಿನ ಅಂತರ ಸುಮಾರು 6 ಆಂಗ್‌ಸ್ಟ್ರಾಮ್. ತಾಮ್ರ ಒಂದು ಸೂಪರಾಕ್ಸೈಡಿನಿಂದ ಎಲೆಕ್ಟ್ರಾನ್ ಪಡೆದಾಗ ಅದರ ಬದಿಯ ಬಂಧ ಕಳಚುತ್ತದೆ, ಸತುವಿನ ಕಡೆಯದು ಉಳಿಯುತ್ತದೆ. ತಾಮ್ರ ಆ ಎಲೆಕ್ಟ್ರಾನನ್ನು ಮತ್ತೊಂದು ಸೂಪರಾಕ್ಸೈಡಿಗೆ ಕೊಟ್ಟೊಡನೆ ಸೇತು ಮರಳಿ ಕೂಡುತ್ತದೆ. ಅಗತ್ಯಕ್ಕೆ ತಕ್ಕಂತೆ ಬಿಡುವ, ಕೂಡುವ ಈ ಗುಣವೇ ಇದರ ಹಿರಿಮೆ. ಫಲವಾಗಿ ಆಮ್ಲಜನಕ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ದೊರೆಯುತ್ತವೆ. ಪೆರಾಕ್ಸೈಡನ್ನು ಬೇರೆ ಕಿಣ್ವಗಳು ಒಡೆಯುತ್ತವೆ.

ಪ್ರಯೋಗಾಲಯದ ಹೆಸರಾಂತ ಉದಾಹರಣೆ 1969ರ ಕ್ರೂಟ್ಸ್-ಟೌಬೆ ಅಯಾನು. ಇದರಲ್ಲಿ ಎರಡು ರುಥೇನಿಯಂ ಕೇಂದ್ರಗಳನ್ನು ಪಿರಜೀನ್ ಜೋಡಿಸುತ್ತದೆ. ಎಲೆಕ್ಟ್ರಾನ್ ವರ್ಗಾವಣೆಯ ಅಧ್ಯಯನಕ್ಕಾಗಿ ಹೆನ್ರಿ ಟೌಬೆ 1983ರಲ್ಲಿ ನೊಬೆಲ್ ಪಡೆದರು. ತಾಮ್ರದ ಅಜೈಡ್ ಸಂಕೀರ್ಣಗಳಲ್ಲಿ ಒಂದೇ ತುದಿಯ ಸಾರಜನಕ ಎರಡೂ ಲೋಹಗಳನ್ನು ಹಿಡಿದರೆ ಅವುಗಳ ಕಾಂತೀಯ ಸ್ಪಿನ್‌ಗಳು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ತಿರುಗುತ್ತವೆ; ಎರಡು ತುದಿಗಳು ಒಂದೊಂದನ್ನು ಹಿಡಿದರೆ ಹೆಚ್ಚಾಗಿ ವಿರುದ್ಧ ದಿಕ್ಕಿಗೆ.