ಎನ್‌ಎಸ್‌ಎಸ್ ಸರ್ಟಿಫಿಕೇಟ್ ಹಿಂದಿನ ಕಥೆ (ಭಾಗ 3)

ನೀವೂ ಬರೀ ಸರ್ಟಿಫಿಕೇಟಿಗೆ ಅಂತ ಎನ್‌ಎಸ್‌ಎಸ್ ಸೇರಿದ್ರಾ? ನಾನಂತೂ ಹೌದು, ಸುಳ್ಳು ಯಾಕೆ.

ಸ್ವಲ್ಪ ಹಿಂದಕ್ಕೆ ಬನ್ನಿ. ಡಿಗ್ರಿ ಸೇರೋ ಮೊದಲೇ ಎಲ್ಲರಿಗೂ ತಿಂಗಳುಗಟ್ಟಲೆ ಕಡ್ಡಾಯ ಸೇವೆ ಇರಲಿ ಅಂತ ಸಿ.ಡಿ. ದೇಶಮುಖ್ ಸಮಿತಿ ಹೇಳಿತ್ತು. ಅದು ನಡೀಲಿಲ್ಲ. (ಬಚಾವ್!) ಇಷ್ಟ ಇದ್ದವರು ಬರಲಿ ಅನ್ನೋ ಮಾತೇ ಕೊನೆಗೆ ಗೆದ್ದಿತು. 1969 ಸೆಪ್ಟೆಂಬರ್ 24, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಶುರು. ಶುರು ಮಾಡಿದ್ದು ಆಗಿನ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್. ಬಿಕಾಂನವರೇ, ಹೆಸರು ನೆನಪಿಟ್ಕೊಳ್ಳಿ: ದೇಶದ ರಾಷ್ಟ್ರೀಯ ಆದಾಯ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ, ನಮ್ಮ ಬಳ್ಳಾರಿಯ ಸಂಸದ.

ಲೆಕ್ಕ ಅಂದ್ರೆ ನನಗೆ ಬರೀ ಪಾಸ್ ಮಾರ್ಕ್ಸು. ಕ್ಯಾಂಪಿನ ಐದನೇ ದಿನ ಮನೆಮನೆ ಸರ್ವೆಗೆ ಹೋದಾಗ ಒಬ್ಬ ಅಜ್ಜಿ ಹಾಲಿನ ಲೆಕ್ಕ ತೋರಿಸಿದ್ರು. ಗೋಡೆ ತುಂಬಾ ಇದ್ದಿಲ ಗೆರೆ. ಡೈರಿಯವರು ಕೊಟ್ಟಿದ್ದು ಒಂದು ಕಡೆ, ಕೊಡಬೇಕಾದ್ದು ಇನ್ನೊಂದು ಕಡೆ. ಡೆಬಿಟ್-ಕ್ರೆಡಿಟ್ ನಿಜವಾಗಿ ತಲೆಗೆ ಹೋಗಿದ್ದು ಅಲ್ಲೇ.

ಈಗ ತಿಂಗಳಿಗೊಮ್ಮೆ ಅದೇ ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯೋಕೆ ಹೋಗ್ತೀನಿ. ಸರ್ಟಿಫಿಕೇಟ್ ಇನ್ನೂ ಆಫೀಸಲ್ಲೇ ಇದೆ, ಇಸ್ಕೊಂಡಿಲ್ಲ.