ಗಂಟು ಕಟ್ಟಿದವರು

ಬೆನ್ನಿಗೊಂದು ಚೀಲ ಹಾಕಿಕೊಂಡು ಯುರೋಪಿನ ಏಳೆಂಟು ದೇಶಗಳನ್ನು ಎರಡು ತಿಂಗಳು ಸುತ್ತಿ ಬರುವುದು ಈ ಕಾಲದ ಹುಡುಗಿಯರು ಹೊಸದಾಗಿ ಕಂಡುಕೊಂಡ ಹುಚ್ಚು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನಾನು ಆ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ನಮ್ಮ ನಾಡಿನವರು, ಅದರಲ್ಲೂ ನಮ್ಮ ಹೆಣ್ಣುಮಕ್ಕಳು, ಗಂಟು ಕಟ್ಟಿ ದೂರ ಹೋದ ಚರಿತ್ರೆ ಸಣ್ಣದಲ್ಲ. ಪಠ್ಯಪುಸ್ತಕದಲ್ಲಿ ಯುದ್ಧಗಳಿಗೆ ಸಿಕ್ಕ ಜಾಗ ಅದಕ್ಕೆ ಸಿಕ್ಕಿಲ್ಲ, ಅಷ್ಟೆ.

ಇದನ್ನೆಲ್ಲ ಕೆದಕುವುದಕ್ಕೆ ಕಾರಣ ನನ್ನ ಅಕ್ಕನ ಮಗಳು. ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾಳೆ. ಆರು ವರ್ಷ ಉಳಿಸಿದ ಹಣ ಕೈಯಲ್ಲಿದೆ. ಆ ಹಣ ಮದುವೆಗೆ ಎಂದು ರಾಣೆಬೆನ್ನೂರಿನ ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿಟ್ಟಿದ್ದಳು. ಮಗಳು ಯುರೋಪಿಗೆ ಎಂದು ಹಾಕಿಟ್ಟಿದ್ದಾಳೆ. ನೋಡಿ ಹೋದ ವರನ ಕಡೆಯವರು ಒಬ್ಬಳೇ ಪರದೇಶ ತಿರುಗುವ ಸೊಸೆ ನಮಗೆ ಬೇಡ ಎಂದರೇನು ಗತಿ ಎಂದು ಅಕ್ಕನಿಗೆ ಭಯ. "ನೀ ಸಾಲಿ ಕಲಿಸಾಕಿ, ನಿನ್ನ ಮಾತ ಕೇಳತಾಳ. ಒಂದಿಷ್ಟು ಬುದ್ಧಿ ಹೇಳವಾ" ಎಂದು ನನಗೆ ಒಪ್ಪಿಸಿದಳು. ಹುಡುಗಿಯೋ, "ಚಿಗವ್ವಾ, ನೀವೂ ಬರ್ರಿ, ಹದಿನೈದು ದಿನಾನರ ನನ್ನ ಜೋಡಿ ಇರ್ರಿ" ಎಂದಳು. ಬುದ್ಧಿ ಯಾರಿಗೆ ಹೇಳಬೇಕು ಎಂಬುದೇ ನನಗೆ ತಿಳಿಯದಾಯಿತು.

ಯುರೋಪಿನ ದಾರಿ ಹಿಡಿದ ನಮ್ಮವರಲ್ಲಿ ಬಹಳ ಹಿಂದಿನವರೆಂದರೆ ಟಿಪ್ಪು ಸುಲ್ತಾನನ ರಾಯಭಾರಿಗಳು. ಮೂವರು, ಜೊತೆಗೆ ಆಳುಕಾಳು. 1787ರಲ್ಲಿ ಪುದುಚೇರಿಯಿಂದ ಹಡಗು ಹತ್ತಿದವರು ಫ್ರಾನ್ಸಿನ ತುಲೋನ್ ಬಂದರಿನಲ್ಲಿ ಇಳಿದದ್ದು 1788ರ ಜೂನಿನಲ್ಲಿ. ಹೋಗುವುದಕ್ಕೇ ಹೆಚ್ಚುಕಡಿಮೆ ಒಂದು ವರ್ಷ! ಹದಿನಾರನೆಯ ಲೂಯಿಯ ಆಸ್ಥಾನದಲ್ಲಿ ಮರ್ಯಾದೆ ಸಿಕ್ಕಿತು, ಕೇಳಲು ಹೋದ ಸೈನ್ಯದ ನೆರವು ಸಿಗಲಿಲ್ಲ. ನನಗೆ ಇದರಲ್ಲಿ ಇಷ್ಟವಾದ ಸಂಗತಿ ಬೇರೆ. ಅವರಲ್ಲೊಬ್ಬನಾದ ದರ್ವೇಶ್ ಖಾನನ ಚಿತ್ರ ಬರೆದವಳು ವಿಜೇ ಲ ಬ್ರುನ್ ಎಂಬ ಹೆಣ್ಣುಮಗಳು. ಬರೆದ ಚಿತ್ರವನ್ನು ಆತ ಆಕೆಗೆ ಕೊಡಲೊಲ್ಲದೆ ಹಾಸಿಗೆಯ ಹಿಂದೆ ಬಚ್ಚಿಟ್ಟಿದ್ದನಂತೆ. ಆಕೆ ಉಪಾಯದಿಂದ ಹೊರಗೆ ತರಿಸಿಕೊಂಡಳು. 2019ರಲ್ಲಿ ಆ ಚಿತ್ರ 70 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ರಾಯಭಾರ ಸೋತರೂ ಚಿತ್ರ ಗೆದ್ದಿತು.

ಆದರೆ ಅವರು ಅರಸನ ಖರ್ಚಿನಲ್ಲಿ ಹೋದವರು. ತನ್ನ ಗಂಟನ್ನು ತಾನೇ ಕಟ್ಟಿಕೊಂಡವಳೆಂದರೆ ಪಂಡಿತಾ ರಮಾಬಾಯಿ. ಆಕೆಯ ಹೆಸರು ಹೇಳಿದರೆ ಎಲ್ಲರೂ ಪುಣೆಯನ್ನು ನೆನೆಯುತ್ತಾರೆ. ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಊರವರ ವಿರೋಧ ಕಟ್ಟಿಕೊಂಡು ಕಾಡು ಸೇರಿದರು. ಗಂಗಾಮೂಲ ನಮಗೆ ಪರವೂರೇನಲ್ಲ. ಅಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡಿ ಹರಿದು ಬಂದು, ಹೊಸರಿತ್ತಿಯ ಮಗ್ಗುಲಲ್ಲಿ ಹರಿಯುವ ನಮ್ಮ ವರದೆಯನ್ನು ಗಳಗನಾಥದಲ್ಲಿ ಕೂಡಿಕೊಳ್ಳುತ್ತವೆ.

ರಮಾಬಾಯಿಗೆ ಆರು ತಿಂಗಳಾಗಿದ್ದಾಗ ಆ ಸಂಸಾರ ಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳು ತಲೆಯ ಮೇಲೆ ಹೊತ್ತು ಬೆಟ್ಟ ಇಳಿಸಿದನು. ಅಲ್ಲಿಂದ ಮುಂದೆ ಹದಿನೈದಕ್ಕೂ ಹೆಚ್ಚು ವರ್ಷ ಆ ಮನೆಯವರು ಪುರಾಣ ಹೇಳುತ್ತ, ಗುಡಿ ಧರ್ಮಶಾಲೆಗಳಲ್ಲಿ ಮಲಗುತ್ತ ದೇಶವನ್ನು ನಡೆದರು. 1874ರ ಬರಗಾಲದ ಹೊತ್ತಿಗೆ ತಂದೆ ತಾಯಿ ಇಬ್ಬರೂ ಹೋದರು. ಉಳಿದ ಅಣ್ಣ ತಂಗಿ ಮತ್ತೆ ನಡೆದೇ ನಡೆದು ಕಲಕತ್ತೆ ತಲುಪಿದರು. ಅಲ್ಲಿ ಪಂಡಿತರು ಆಕೆಯ ಸಂಸ್ಕೃತ ಕೇಳಿ ಬೆರಗಾದರು. ಮದುವೆಯಾಯಿತು, ಎರಡು ವರ್ಷ ತುಂಬುವ ಮೊದಲೇ ಗಂಡ ತೀರಿಹೋದ. ಕೈಯಲ್ಲಿ ಹಸುಳೆ.

ಹೀಗಿದ್ದ ಇಪ್ಪತ್ತೈದು ವರ್ಷದ ವಿಧವೆ ಇಂಗ್ಲೆಂಡಿಗೆ ಹೋಗಬೇಕೆಂದು ನಿಶ್ಚಯಿಸಿದಳು. ದುಡ್ಡು? 'ಸ್ತ್ರೀಧರ್ಮ ನೀತಿ' ಎಂಬ ಪುಸ್ತಕವನ್ನು ಮರಾಠಿಯಲ್ಲಿ ಬರೆದು ಮಾರಿ ಹಡಗಿನ ಖರ್ಚಿಗೆ ಕೂಡಿಸಿಕೊಂಡಳು. 1883ರಲ್ಲಿ ಮಗಳು ಮನೋರಮೆಯನ್ನು ಎತ್ತಿಕೊಂಡು ಹಡಗು ಹತ್ತಿದಳು. ಸಮುದ್ರ ದಾಟಿದವರಿಗೆ ಪ್ರಾಯಶ್ಚಿತ್ತ, ಬಹಿಷ್ಕಾರ ಎನ್ನುತ್ತಿದ್ದ ಕಾಲ; ಗಂಡಸರೇ ಹೆದರುತ್ತಿದ್ದರು. ಅಲ್ಲಿ ಆಕೆ ಕ್ರೈಸ್ತಳಾದದ್ದು ಇಲ್ಲಿ ದೊಡ್ಡ ಗದ್ದಲವಾಯಿತು. ಆ ವಾದ ನಮಗೆ ಇಲ್ಲಿ ಬೇಡ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಇದ್ದಾಗಲೂ ಆಕೆ ಸಸ್ಯಾಹಾರ ಬಿಡಲಿಲ್ಲ. "ಅಲ್ಲಿ ಊಟಕ್ಕ ಏನ್ ಮಾಡತೀ?" ಎಂದು ಅಕ್ಕ ಮಗಳನ್ನು ಕೇಳಿದ ಪ್ರಶ್ನೆಗೆ ಒಂದೂ ಕಾಲು ಶತಮಾನಕ್ಕೂ ಹಿಂದೆಯೇ ಗಂಗಾಮೂಲದ ಹೆಣ್ಣುಮಗಳು ಉತ್ತರ ಕೊಟ್ಟಾಗಿತ್ತು.

ಇನ್ನೊಬ್ಬಾಕೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಬಾಲವಿಧವೆ, ಮರುಮದುವೆಯಾದವಳು. 1929ರಲ್ಲಿ ಬರ್ಲಿನ್, ಫ್ರಾಂಕ್‌ಫರ್ಟ್, ಪ್ರಾಗ್ ಎಂದು ಒಂದೇ ಬೇಸಗೆಯಲ್ಲಿ ಸಭೆಯಿಂದ ಸಭೆಗೆ ಓಡಾಡಿದಳು. ಬರ್ಲಿನ್ನಿನಲ್ಲಿ ಹೆಂಗಸರ ಮತದಾನದ ಹಕ್ಕಿನ ಅಂತರರಾಷ್ಟ್ರೀಯ ಸಮ್ಮೇಳನ. ಎಲ್ಲ ದೇಶಗಳ ಬಾವುಟಗಳೂ ಇವೆ, ಭಾರತದವರಿಗೆ ಮಾತ್ರ ಬ್ರಿಟಿಷರ ಬಾವುಟ. ನಮ್ಮ ಹೆಂಗಸರು ತಮ್ಮ ರೇಷ್ಮೆ ಸೀರೆಗಳನ್ನೇ ಹರಿದು ಬಾವುಟ ಹೊಲಿದರು. ಪ್ರವಾಸಕ್ಕೆ ಸೀರೆ ಭಾರ, ಪ್ಯಾಂಟೇ ಅನುಕೂಲ ಎಂದು ನನ್ನ ಅಕ್ಕನ ಮಗಳು ವಾದಿಸುವಾಗ ನಾನು ಈ ಕತೆ ಹೇಳಿದೆ. ನಕ್ಕಳು. ಒಂದು ಸೀರೆಯನ್ನಾದರೂ ಇಟ್ಟುಕೊಂಡಾಳು ಎಂದು ನನ್ನ ಆಸೆ.

ಗಂಡಸರನ್ನು ಬಿಡಬಾರದಲ್ಲ. ವಿಶ್ವೇಶ್ವರಯ್ಯನವರು 1908ರಲ್ಲಿ ಯುರೋಪು ಸುತ್ತುತ್ತಿದ್ದಾಗಲೇ ಹೈದರಾಬಾದಿನ ಮೂಸಿ ಹೊಳೆಯ ಪ್ರವಾಹದ ಕೆಲಸಕ್ಕೆ ಕರೆ ಬಂತು. ನಮ್ಮ ಮಗ್ಗುಲ ಸವಣೂರಿನ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದರು. ಆ ಹಡಗಿನ ಪ್ರಯಾಣದಿಂದ ಕನ್ನಡಕ್ಕೆ 'ಸಮುದ್ರ ಗೀತೆಗಳು' ಬಂದವು, 'ಸಮುದ್ರದಾಚೆಯಿಂದ' ಎಂಬ ಪ್ರವಾಸ ಕಥನ ಬಂತು. ಕಡಲನ್ನೇ ಕಾಣದ ಬಯಲುಸೀಮೆಯ ಊರಿನಿಂದ ಹೊರಟವರು ಕಡಲನ್ನು ಹಾಡಿದರು ಎಂಬುದು ನಮ್ಮ ಹಾವೇರಿ ಜಿಲ್ಲೆಗೆ ಹೆಮ್ಮೆಯ ಮಾತು. ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ'ವನ್ನು ನಿಮ್ಮಲ್ಲಿ ಕೆಲವರಾದರೂ ಓದಿರುತ್ತೀರಿ.

ಸ್ವಾತಂತ್ರ್ಯ ಬಂದ ಮೇಲೆ ಶಾಸ್ತ್ರದ ಅಡ್ಡಿ ಹೋಯಿತು, ಕಾಗದದ ಅಡ್ಡಿ ಬಂತು. ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರಕಾರದ ಮರ್ಜಿ. ಪರದೇಶಕ್ಕೆ ಹೋಗುವುದು ಮನುಷ್ಯನ ಹಕ್ಕು, ಮನಸ್ಸಿಗೆ ಬಂದಂತೆ ಅದನ್ನು ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1967ರಲ್ಲಿ. ಅದೇ ವರ್ಷ ಪಾಸ್‌ಪೋರ್ಟ್ ಕಾನೂನು ಬಂತು. ಪಾಸ್‌ಪೋರ್ಟ್ ಸಿಕ್ಕರೂ ರೊಕ್ಕ ಸಿಗುತ್ತಿರಲಿಲ್ಲ. 1970ರ ದಶಕದಲ್ಲಿ ಹೊರಟವರ ಕೈಗೆ ಸಿಗುತ್ತಿದ್ದದ್ದು ಎಂಟು ಡಾಲರು! ಅದರಲ್ಲಿ ಯುರೋಪು ಸುತ್ತುವುದು ಹೇಗೆ? ಅಲ್ಲಿ ಬಂಧು ಬಳಗ ಇರಬೇಕು, ಇಲ್ಲವೆ ಸಂಬಳ ಕೊಡುವ ಸಂಸ್ಥೆ ಇರಬೇಕು. ನಮ್ಮ ಮಧ್ಯಮ ವರ್ಗದವರು ಆಗ ಪ್ರವಾಸ ಮಾಡಲಿಲ್ಲ ಎಂದರೆ ಧೈರ್ಯ ಇರಲಿಲ್ಲವೆಂದಲ್ಲ. 2004ರಲ್ಲಿ ರಿಸರ್ವ್ ಬ್ಯಾಂಕು ವರ್ಷಕ್ಕೆ 25,000 ಡಾಲರು ಹೊರಗೆ ಒಯ್ಯಲು ಬಿಟ್ಟಿತು. ಈಗ ಆ ಮಿತಿ 2,50,000. ನಮ್ಮಂಥವರಿಗೆ ಮಿತಿಯ ಹತ್ತಿರ ಹೋಗುವ ಯೋಗ ಈ ಜನ್ಮದಲ್ಲಿ ಇಲ್ಲ, ಆ ಮಾತು ಬೇರೆ.

ಹೆಂಗಸರು ತಿಳಿದಿರಬೇಕಾದ ಇನ್ನೊಂದು ಸಂಗತಿ 2016ರ ಡಿಸೆಂಬರಿನ ಬದಲಾವಣೆ. ಪಾಸ್‌ಪೋರ್ಟಿಗೆ ಮದುವೆಯ ಸರ್ಟಿಫಿಕೇಟು ಬೇಕಿಲ್ಲ. ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರಿದ್ದರೆ ಸಾಕು. ಗಂಡನನ್ನು ಬಿಟ್ಟು ಬದುಕುತ್ತಿರುವ ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಇದನ್ನು ಕೇಳಿದ ದಿನ ನನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು.

ಇನ್ನು ವೀಸಾ. ಮೊದಲು ದೇಶಕ್ಕೊಂದು ವೀಸಾ, ದೇಶಕ್ಕೊಂದು ನಾಣ್ಯ. 1985ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹೊಳೆದಂಡೆಯ ಹಳ್ಳಿಯಲ್ಲಿ ಐದು ದೇಶಗಳು ಗಡಿಯ ತಪಾಸಣೆ ತೆಗೆಯಲು ಒಪ್ಪಂದ ಮಾಡಿಕೊಂಡವು. ಅದು ಜಾರಿಗೆ ಬಂದದ್ದು 1995ರಲ್ಲಿ; ಈಗ ಅದರಲ್ಲಿ 29 ದೇಶಗಳಿವೆ. ಹೊಸರಿತ್ತಿಯಂಥದೇ ಹೊಳೆಯ ಮಗ್ಗುಲ ಹಳ್ಳಿಯ ಹೆಸರು ಜಗತ್ತಿನ ಪಾಸ್‌ಪೋರ್ಟುಗಳ ಮೇಲೆಲ್ಲ ಬಿದ್ದಿದೆ! ಯುರೋ ನೋಟುಗಳು 2002ರ ಜನವರಿಯಲ್ಲಿ ಬಂದವು. ನಿಯಮ ಇಷ್ಟು: ಯಾವ 180 ದಿನ ತೆಗೆದುಕೊಂಡರೂ ಅದರಲ್ಲಿ 90 ದಿನಕ್ಕಿಂತ ಹೆಚ್ಚು ಆ ದೇಶಗಳ ಒಳಗೆ ಇರುವಂತಿಲ್ಲ. ಹೆಚ್ಚು ದಿನ ಇರುವ ದೇಶದವರಿಗೆ ಅರ್ಜಿ ಹಾಕಬೇಕು. ಎಲ್ಲ ಕಡೆ ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ಹೊರಡುವುದಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಹದಿನೈದು ದಿನ ಉಳಿದಾಗ ಬಾಗಿಲು ಮುಚ್ಚುತ್ತದೆ. 30,000 ಯುರೋಗಳ ಆರೋಗ್ಯ ವಿಮೆ ಕಡ್ಡಾಯ. ಬ್ರಿಟನ್ ಇದರಲ್ಲಿ ಇಲ್ಲ, ಅದಕ್ಕೆ ಬೇರೆ ವೀಸಾ. ಹಾಗಾಗಿ ಲಂಡನ್ ಬಿಟ್ಟುಬಿಟ್ಟಿದ್ದಾಳೆ. ಇನ್ನೂರು ವರ್ಷ ಅವರು ನಮ್ಮಲ್ಲಿಗೆ ಬಂದದ್ದಾಯಿತು, ನಾವು ಸ್ವಲ್ಪ ತಡವಾಗಿ ಹೋದರೂ ನಡೆದೀತು.

ಅವಳ ನೋಟುಬುಕ್ಕು ನೋಡಿದೆ. ಒಳ್ಳೆಯ ಪಾಠಯೋಜನೆಯ ಹಾಗಿದೆ. ರೈಲಿಗೆ ಯುರೇಲ್ ಪಾಸು. 1959ರಿಂದ ಇರುವ ಈ ಪಾಸನ್ನು ಯುರೋಪಿನ ಹೊರಗಿನವರಿಗೆಂದೇ ಮಾಡಿದ್ದು. ಪಾಸಿದ್ದರೂ ಫ್ರಾನ್ಸ್, ಇಟಲಿಗಳ ವೇಗದ ರೈಲುಗಳಲ್ಲಿ ಸೀಟಿಗೆ ಬೇರೆ ದುಡ್ಡು ತೆರಬೇಕು. ಮಲಗಲು ಯೂತ್ ಹಾಸ್ಟೆಲ್ಲು. ಎಂಟು ಜನ ಮಲಗುವ ಕೋಣೆ, ಹೆಂಗಸರಿಗೆ ಬೇರೆ ಕೋಣೆಯೂ ಕೆಲವು ಕಡೆ ಉಂಟು, ಅಡಿಗೆಗೆ ಒಲೆಯೂ ಉಂಟು. ಈ ಹಾಸ್ಟೆಲ್ಲು ಶುರು ಮಾಡಿದವರು ಯಾರು ಗೊತ್ತೆ? ನನ್ನಂಥ ಒಬ್ಬ ಸಾಲಿ ಮಾಸ್ತರ. ಜರ್ಮನಿಯ ರಿಚರ್ಡ್ ಶಿರ್‌ಮನ್ 1909ರ ಆಗಸ್ಟಿನಲ್ಲಿ ಹುಡುಗರನ್ನು ಕರೆದುಕೊಂಡು ದೂರ ನಡೆದು ಹೊರಟಿದ್ದ. ಗುಡುಗು ಮಳೆ ಹಿಡಿಯಿತು. ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿ ಮಲಗಿದರು. ರಜೆಯಲ್ಲಿ ಶಾಲೆಗಳೆಲ್ಲ ಖಾಲಿಯೇ ಇರುತ್ತವಲ್ಲ, ನಡೆಯುವ ಮಕ್ಕಳಿಗೆ ಯಾಕೆ ಕೊಡಬಾರದು ಎಂದು ಆ ರಾತ್ರಿ ಅವನಿಗೆ ಹೊಳೆಯಿತು. 1912ರಲ್ಲಿ ಆಲ್ಟೆನಾ ಊರಿನ ಹಳೆಯ ಕೋಟೆಯಲ್ಲಿ ಮೊದಲ ಕಾಯಂ ಹಾಸ್ಟೆಲ್ಲು ಆಯಿತು. ಈಗಲೂ ಅಲ್ಲಿ ಅದನ್ನು ತೋರಿಸುತ್ತಾರೆ. ಪಾದಯಾತ್ರೆಯವರು ಬಂದಾಗ ನಮ್ಮ ಶಾಲೆಗಳ ಕಟ್ಟೆಗಳನ್ನೂ ಬಿಟ್ಟುಕೊಡುತ್ತೇವೆ. ಆದರೆ ಅದರಿಂದ ಒಂದು ಸಂಸ್ಥೆ ಕಟ್ಟಬಹುದು ಎಂದು ನಮಗೆ ಹೊಳೆಯಲಿಲ್ಲ.

ಚೀಲದ ಭಾರದ ವಿಷಯದಲ್ಲಿ ನನಗೂ ಅಕ್ಕನಿಗೂ ಸ್ವಲ್ಪ ಜಗಳವಾಯಿತು. ಅವಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಮೆಣಸಿನಕಾಯಿ ಖಾರ, ತುಪ್ಪ, ಧಾರವಾಡ ಪೇಡೆ ಎಂದು ಪಟ್ಟಿ ಮಾಡುತ್ತಿದ್ದಳು. (ಬ್ಯಾಡವೆನ್ನುತ್ತಲೇ ಪಟ್ಟಿ ಮಾಡುವುದು ತಾಯಂದಿರ ಗುಣ.) ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರಬಾರದೆಂದು ಯುರೋಪಿನ ನಿಯಮ. ಹಾಗಾಗಿ ತುಪ್ಪ, ಪೇಡೆ ಎರಡೂ ಹೋದವು. ಹಣ್ಣು ಹಂಪಲಿಗೂ ಕಾಗದ ಬೇಕು. ಆದರೆ ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರಕ್ಕೆ ಬೇಡವಂತೆ! ಉಡಿ ತುಂಬುವುದಕ್ಕೆ ಬೇಕಾದವುಗಳನ್ನು ಮಾತ್ರ ಅವರು ಬಿಟ್ಟಂತಿದೆ.

ಹಗುರ ಚೀಲದ ಪಾಠಕ್ಕೆ ಪರದೇಶದ ಪುಸ್ತಕ ಬೇಕಿಲ್ಲ. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ಸಾಬರಮತಿಯಿಂದ ದಾಂಡಿಗೆ 24 ದಿನ, 241 ಮೈಲಿ ನಡೆದ. ಆ ತಂಡದಲ್ಲಿದ್ದ ಒಬ್ಬನೇ ಕನ್ನಡಿಗ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಕೋಲು. ಆ ನಡಿಗೆಯ ಯೋಜನೆಯನ್ನು ಓದಿದರೆ ಬೆರಗಾಗುತ್ತದೆ: ಗುಜರಾತ ವಿದ್ಯಾಪೀಠದ ಹುಡುಗರು ಮುಂದಾಗಿ ಹೋಗಿ ಹಳ್ಳಿಹಳ್ಳಿಯಲ್ಲಿ ನೀರು, ನೆಳಲು, ಸಾದಾ ಊಟ ನೋಡಿಡುತ್ತಿದ್ದರು. ಅದೇ ಮಹದೇವಪ್ಪ 1943ರ ಏಪ್ರಿಲ್ 1ರಂದು ನಮ್ಮ ಹೊಸರಿತ್ತಿಯಲ್ಲೇ ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದ. ಇದನ್ನು ಅಕ್ಕನ ಮಗಳಿಗೆ ನಾನು ಹೇಳಬೇಕಾಗಿರಲಿಲ್ಲ. ಚಿಕ್ಕವಳಿದ್ದಾಗ ಪ್ರತಿ ವರ್ಷ ರಜೆಗೆ ಇಲ್ಲಿಗೆ ಬಂದು ಕೇಳಿದವಳೇ.

ಎಂಜಿನಿಯರರಾಗಿದ್ದ ನೇಮಿಚಂದ್ರ ಅವರು ಗೆಳತಿಯೊಡನೆ ಯುರೋಪು ಸುತ್ತಿ ಬಂದು ಬರೆದ 'ಒಂದು ಕನಸಿನ ಪಯಣ'ವನ್ನು ಕಳೆದ ತಿಂಗಳು ಅಕ್ಕನಿಗೆ ಕೊಟ್ಟೆ. ಓದಿ ಮುಗಿಸಿದಳೋ ಇಲ್ಲವೋ, ಕೇಳಿಲ್ಲ. ಮೊನ್ನೆ ಫೋನು ಮಾಡಿ, ವರನ ಕಡೆಯವರಿಗೆ ತಾನೇ ಹೇಳಿಬಿಟ್ಟೆ ಎಂದಳು. "ಆಕಿ ಹೋಗಿ ಬರತಾಳ್ರಿ, ಬಂದ ಮ್ಯಾಲೆ ಮಾತಾಡೂಣು" ಎಂದಳಂತೆ. ಅವರು ಇನ್ನೂ ಏನೂ ಹೇಳಿಲ್ಲ. ಹುಡುಗಿ ಏಪ್ರಿಲಿನಲ್ಲಿ ಹೊರಡುತ್ತಾಳೆ. ನಮ್ಮ ಬೇಸಗೆ ರಜೆಯೂ ಆಗಲೇ. ಇಲಾಖೆಯ ಅನುಮತಿಗೆ ನಾನೂ ಅರ್ಜಿ ಬರೆದಿದ್ದೇನೆ. ಪಾಸ್‌ಪೋರ್ಟಿಗಾಗಿ ಬರುವ ವಾರ ಹುಬ್ಬಳ್ಳಿಗೆ ಹೋಗಬೇಕು. ಅವಳು ಇಟ್ಟುಕೊಂಡ ದಾರಿಯಲ್ಲಿ ಆಲ್ಟೆನಾ ಇರಲಿಲ್ಲ. ಪೆನ್ಸಿಲಿನಿಂದ ನಾನು ಸೇರಿಸಿದ್ದೇನೆ.