ನಮ್ಮ ಅಂಗಳಕ್ಕೊಂದು ಒಳ್ಳೆಮೆಣಸಿನ ಬಳ್ಳಿ

ಮನೆಯಂಗಳಕ್ಕೆ ಯಾವ ಬಳ್ಳಿ ಒಳ್ಳೆಯದೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಒಳ್ಳೆಮೆಣಸು. ಕಾರಣ ನಮ್ಮ ಚರಿತ್ರೆಯಲ್ಲಿದೆ.

ಸುಮಾರು 1342ರಲ್ಲಿ ಮಂಗಳೂರಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಫಾರ್ಸ್ ಮತ್ತು ಯಮನಿನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಿದ್ದರು, ಮೆಣಸು ಮತ್ತು ಶುಂಠಿ ಹೇರಳವಾಗಿತ್ತು, ಊರ ಬದಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದರು ಎಂದು ಬರೆದಿದ್ದಾನೆ. ಈ ಕರಾವಳಿಯ ಮೆಣಸಿನ ಬಳ್ಳಿಯನ್ನು ತೆಂಗಿನ ಬುಡದಲ್ಲಿ ನೆಡುತ್ತಾರೆ, ಅದು ದ್ರಾಕ್ಷಿಯಂತೆ ಹಬ್ಬುತ್ತದೆ ಎಂದೂ ಹೇಳಿದ್ದಾನೆ. ‘ಬ್ಯಾರಿ’ ಎಂಬ ಹೆಸರು ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂತೆಂದು ಹಲವರ ಅಭಿಪ್ರಾಯ. ಆ ವ್ಯಾಪಾರದ ದೊಡ್ಡ ಸರಕು ಮೆಣಸು. ಪೋರ್ಚುಗೀಸರೊಂದಿಗೆ ಅಮೆರಿಕದ ಮೆಣಸಿನಕಾಯಿ ಬರುವ ಮೊದಲು ನಮ್ಮ ಸಾರಿಗೂ ಇದರದ್ದೇ ಖಾರ.

ಈಗ ತೋಟ ಪಾಲಾಗಿ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟುವಾಗ ಮೊದಲು ಹೋಗುವುದು ತೆಂಗು, ಜೊತೆಗೆ ಬಳ್ಳಿ. ಒಂದು ಮರ ಉಳಿಸಿದರೂ ಸಾಕು. ಮಳೆ ಹಿಡಿದಾಗ ಬುಡದ ಉತ್ತರ ಬದಿಗೆ ಬೇರುಬಿಟ್ಟ ಬಳ್ಳಿ ನೆಡಿ. ನೀರು ನಿಲ್ಲಬಾರದು, ನಿಂತರೆ ಸೊರಗು ರೋಗ ಬರುತ್ತದೆ. ಮರವೇ ಇಲ್ಲದವರಿಗೆ ಅಡ್ಡ ಕೊಂಬೆಯಿಂದ ಮಾಡಿದ ಪೊದೆಮೆಣಸು ಚಟ್ಟಿಯಲ್ಲೂ ಆಗುತ್ತದೆ.

ಘಟ್ಟದಾಚೆ ದೂರದಲ್ಲಿ, ಮರಾಠವಾಡದ ಗಡಿಯ ದಾಳಿಂಬದಂಥ ಒಣ ಊರಲ್ಲಿ ನೆಲೆಸಿದವರಿಗೆ ಹೀರೆ, ಸೋರೆಯೇ ಸರಿ. ಮೆಣಸಿಗೆ ಮಳೆ, ತೇವ ಬೇಕು. ಕರಾವಳಿಯಲ್ಲಿರುವ ನಮಗೆ ಆ ಅಡ್ಡಿಯಿಲ್ಲ. ಮಕ್ಕಳು ‘ಬ್ಯಾರಿ ಅಂದರೆ ಏನು?’ ಎಂದು ಕೇಳಿದಾಗ ತೋರಿಸಲು ಒಂದು ಬಳ್ಳಿಯಾದರೂ ಇರಲಿ.